ಸಿರಿಗೇರಿಯ ಒಂದು ಹಗೇವಿನ ವಿಷಯವಾಗಿ

ಯಾರ ಅಪ್ಪಣೆಯೂ ಇಲ್ಲದೆ ನಾನು ಬರೆಯುತ್ತಿರುವ ಮೊದಲನೆಯ ಬರಹವಿದು. ಈವರೆಗೆ ನಾನು ಬರೆದದ್ದೆಲ್ಲವೂ ಯಾರೋ ಕೇಳಿದ್ದಕ್ಕೆ ಉತ್ತರ. ಬರೆದದ್ದರ ಕೆಳಗೆ ಬೇರೆ ಯಾರೋ ರುಜು ಹಾಕುತ್ತಿದ್ದರು. ಬಳ್ಳಾರಿಯ ಕಚೇರಿಯಲ್ಲಿ ಬಹುಕಾಲ ಗುಮಾಸ್ತನಾಗಿದ್ದವನ ಕೈಗೆ, ಕೇಳುವವರಿಲ್ಲದಾಗ ಏನು ಬರೆಯಬೇಕೆಂಬುದೇ ತೋಚುವುದಿಲ್ಲ. ಕಾಗದದ ಎಡಗಡೆ ಅಂಚನ್ನು ಮಡಿಸಿ ಗೆರೆ ತೀಡುವುದರಲ್ಲಿಯೇ ನನ್ನ ಒಂದು ಬೆಳಗು ಕಳೆದುಹೋಯಿತು. ಆದಕಾರಣ ವಾಚಕ ಮಹಾಶಯರಲ್ಲಿ ನನ್ನ ಅರಿಕೆಯೇನೆಂದರೆ, ಈ ಬರಹದಲ್ಲಿ ಕಚೇರಿಯ ಮಾತುಗಳು ಅಲ್ಲಲ್ಲಿ ತಲೆಹಾಕಿದರೆ ತಾವು ಮನ್ನಿಸಬೇಕು. ಗಾಡಿಯಿಂದ ಬಿಚ್ಚಿದ ಮೇಲೂ ಎತ್ತಿನ ಹೆಗಲಿನಲ್ಲಿ ನೊಗದ ಗುರುತು ಉಳಿಯುತ್ತದೆ.

ವಿಷಯವು ಹೀಗಿದೆ. ದೊಡ್ಡ ಬರ ಕಳೆದು ಏಳೆಂಟು ವರ್ಷಗಳಾದ ಮೇಲೆ, ನಮ್ಮ ಜಿಲ್ಲೆಯ ಗ್ರಾಮಗಳಲ್ಲಿ ಜನರು ಏನನ್ನು ಉಣ್ಣುತ್ತಾರೆ, ಏನನ್ನು ಉಡುತ್ತಾರೆ, ಎಂತಹ ಮನೆಗಳಲ್ಲಿ ವಾಸಿಸುತ್ತಾರೆ ಎಂಬುದನ್ನು ಸ್ಥಳದಲ್ಲಿಯೇ ವಿಚಾರಿಸಿ ತಿಳಿಸತಕ್ಕದ್ದೆಂದು ಮೇಲಿನಿಂದ ಹುಕುಂ ಬಂದಿತು. ಕುರುಗೋಡು ಮತ್ತು ಸಿರುಗುಪ್ಪದ ಕಡೆಯ ಗ್ರಾಮಗಳಿಗೆ ನನ್ನನ್ನು ನೇಮಿಸಿದರು. ನನ್ನ ಯೋಗ್ಯತೆಯನ್ನು ನೋಡಿ ನೇಮಿಸಿದರೆಂದು ನಮ್ಮ ಮನೆಯಲ್ಲಿ ಹೇಳಿಕೊಂಡೆನಾದರೂ, ನಿಜವೇನೆಂದರೆ ಉಳಿದ ಗುಮಾಸ್ತರೆಲ್ಲರಿಗೂ ಆ ವಾರ ಜ್ವರವೋ ಮದುವೆಯೋ ಇದ್ದವು. ನನಗೆ ನೆಪ ಹೇಳುವಷ್ಟು ಧೈರ್ಯವಿರಲಿಲ್ಲ.

ಬಳ್ಳಾರಿಯಿಂದ ಹೊರಡುವ ಮೊದಲೇ ಒಂದು ಪ್ರಶ್ನೆಯನ್ನು ಸಿದ್ಧಪಡಿಸಿಕೊಂಡಿದ್ದೆ: ‘ನಿಮ್ಮ ಜೀವನಸ್ಥಿತಿ ಹೇಗಿದೆ?’ ಗಾಡಿಯಲ್ಲಿ ಕುಳಿತು ಅದನ್ನು ಗಟ್ಟಿಯಾಗಿ ಹೇಳಿಯೂ ನೋಡಿದೆ. ಸಾಕಷ್ಟು ಗಂಭೀರವಾಗಿಯೇ ಕೇಳಿಸಿತು. ಕೊಳಗಲ್ಲೆಂಬ ಊರಿನಲ್ಲಿ ಬಾಗಿಲ ಮುಂದೆ ಕುಳಿತು ಜೋಳ ಕೇರುತ್ತಿದ್ದ ಮುದುಕಿಯೊಬ್ಬಳನ್ನು ಮೊದಲು ಕೇಳಿದೆ. ಆಕೆ ಮೊರವನ್ನು ಕೆಳಗಿಟ್ಟು, ನನ್ನ ರುಮಾಲನ್ನೂ ಕೋಟನ್ನೂ ಛತ್ರಿಯನ್ನೂ ಕ್ರಮವಾಗಿ ನೋಡಿ, “ಜೀವ ಅಂತೂ ಐತಿ ರಾಯರ. ಇನ್ನೊಂದೇನೋ ಅಂದ್ರಲ್ಲ, ಅದು ಮನ್ಯಾಗಿದ್ರ ನಮ್ಮ ಸೊಸೀನ್ನ ಕೇಳ್ರಿ. ಕೀಲಿ ಆಕಿ ಕೈಯಾಗ ಐತಿ” ಎಂದಳು. ಅಲ್ಲಿಂದ ಮುಂದೆ ಆ ಪ್ರಶ್ನೆಯನ್ನು ನಾನು ಬಳಸಲಿಲ್ಲ. ಸುಮ್ಮನೆ ನೋಡುತ್ತ ಹೋದೆ. ನೋಡಿದ್ದರಲ್ಲಿ ಬಹುಭಾಗ ಯಾರಿಗೂ ಬೇಕಾಗಿರಲಿಲ್ಲವಾದ್ದರಿಂದ ನನ್ನಲ್ಲಿಯೇ ಉಳಿದಿದೆ.

ಪಟ್ಟಣದ ನಮ್ಮಂಥವರು ಆ ಕಡೆಯ ಮನೆಗಳನ್ನು ಕುರಿತು ಹೇಳುವ ಮೊದಲನೆಯ ದೂರು ದನಗಳದ್ದು. ಬಾಗಿಲು ದಾಟಿದೊಡನೆ ಸಿಗುವುದು ಎತ್ತುಗಳ ಗೋದಲಿ. ಅದರಾಚೆ ಮೊಳಕಾಲೆತ್ತರದ ಪಡಸಾಲೆಯಲ್ಲಿ ಮನುಷ್ಯರು. ಕಿಟಕಿಯೆಂಬುದಿಲ್ಲ. ಸವಳು ಮಣ್ಣಿನ ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಮಳೆ ಬಂದರೆ ಅದರ ಮೇಲೆ ಬೋರಲು ಹಾಕಲು ಒಂದು ಗಡಿಗೆ. ಇದು ಆರೋಗ್ಯಕ್ಕೆ ಹಾನಿಕರವೆಂದು ನಾನೂ ನಂಬಿದ್ದವನೇ. ಕುರುಗೋಡಿನಲ್ಲಿ ಒಬ್ಬ ರೈತನಿಗೆ ಹಾಗೆಂದು ತಿಳಿಯಹೇಳಲು ಹೋದೆ. ಅವನು ಬಹಳ ವಿನಯದಿಂದ, ಎತ್ತನ್ನು ಹೊರಗೆ ಕಟ್ಟಿ ತಾನು ಒಳಗೆ ಮಲಗಿದರೆ ಇಬ್ಬರಲ್ಲಿ ಯಾರಿಗೆ ನಿದ್ದೆ ಬರುತ್ತದೆ ಎಂದು ಕೇಳಿದನು. ಮಾರ್ಗಶಿರದ ಚಳಿ ಬೇರೆ. ಬೆಳಗಿನಲ್ಲಿ ಆ ಬಾಗಿಲೊಳಗೆ ಕಾಲಿಟ್ಟಾಗ, ದನಗಳ ಉಸಿರಿನ ಬೆಚ್ಚನೆಯ ಗಾಳಿ ಮುಖಕ್ಕೆ ತಾಗಿ, ಬಳ್ಳಾರಿಯ ನನ್ನ ಎರಡು ಕಿಟಕಿಯ ಕೋಣೆ ಎಷ್ಟು ತಣ್ಣಗಿರುತ್ತದೆಂಬುದು ಮೊದಲ ಬಾರಿ ಅರಿವಿಗೆ ಬಂದಿತು. ಇಂತಹ ಬೆಚ್ಚಗಿನ ವಿಷಯವನ್ನು ಕಚೇರಿಗೆ ಯಾವ ತಲೆಬರಹದ ಕೆಳಗೆ ತಿಳಿಸುವುದು?

ನೀರಿನ ಮಾತೂ ಹೀಗೆಯೇ. ಬಾವಿಗಳು ಉಪ್ಪು. ಹಗರಿ ಹೊಳೆಯ ಬತ್ತಿದ ಪಾತ್ರದಲ್ಲಿ ಹೆಂಗಸರು ಮರಳು ತೋಡಿ, ಒರತೆ ಕೂಡುವವರೆಗೆ ಸುತ್ತ ಕುಳಿತಿರುತ್ತಾರೆ. ಊರಿನ ಸಮಾಚಾರವೆಲ್ಲ ಆ ಗುಂಡಿಯ ಸುತ್ತಲೇ ಹುಟ್ಟುತ್ತದೆ. ನೀರು ತಡವಾಗಿ ಬಂದಷ್ಟೂ ಸಮಾಚಾರ ಹೆಚ್ಚು. ಯಾವ ಹುಡುಗಿಯನ್ನು ಯಾವ ಮನೆಗೆ ಕೊಡಬಹುದು, ಯಾವ ಮನೆಗೆ ಕೊಡಬಾರದು ಎಂಬುದರ ತೀರ್ಮಾನವೂ ಅಲ್ಲಿಯೇ ಆಗುತ್ತದೆಂದು ನನಗೆ ಆಗ ತಿಳಿದಿರಲಿಲ್ಲ.

ಇನ್ನು ಜೋಳ. ವಾಚಕರಲ್ಲಿ ಹಗೇವನ್ನು ಕಾಣದವರು ಇದ್ದರೆ ಅವರಿಗಾಗಿ ಎರಡು ಮಾತು. ಮನೆಯ ಮುಂದೆ ಗಟ್ಟಿ ನೆಲದಲ್ಲಿ, ದೊಡ್ಡ ಗುಡಾಣವನ್ನು ಹೂತಂತೆ ಒಂದು ನೆಲಮಾಳಿಗೆಯನ್ನು ತೋಡುತ್ತಾರೆ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಸಂಸಾರ ಹಿಡಿಯುವಷ್ಟು. ಒಳಗೆ ಜೋಳದ ಸೊಪ್ಪೆಯನ್ನು ಒತ್ತಾಗಿ ಹಾಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಬಡಿದರೆ ಅದರ ಮೇಲೆ ಗಾಡಿ ಹೋದರೂ ಗುರುತು ಸಿಗುವುದಿಲ್ಲ. ಇದಕ್ಕೆ ಹಗೇವು ಎಂದು ಹೆಸರು. ಒಳ್ಳೆಯ ಬೆಳೆ ಬಂದ ವರ್ಷ ತುಂಬಿಟ್ಟದ್ದು ಕೆಟ್ಟ ವರ್ಷದಲ್ಲಿ ಹೊರಗೆ ಬರಬೇಕು. ಇದರ ಒಂದು ಕಟ್ಟುನಿಟ್ಟು ಏನೆಂದರೆ, ಒಮ್ಮೆ ತೆಗೆದ ಹಗೇವನ್ನು ಪೂರ್ತಿ ಬರಿದು ಮಾಡಲೇಬೇಕು. ಗಾಳಿ ಸೋಕಿದ ಕಾಳಿಗೆ ಹುಳು ಹಿಡಿಯುತ್ತದೆ. ಹಿಡಿಯಷ್ಟು ತೆಗೆದು ರುಚಿ ನೋಡಿ ಮತ್ತೆ ಮುಚ್ಚುವೆನೆಂದರೆ ಆಗದು.

ಧನವನ್ನು ಗೋಪ್ಯವಾಗಿಡಬೇಕೆಂದು ನೀತಿ ಬಲ್ಲವರೆಲ್ಲ ಹೇಳುತ್ತಾರೆ. ನಮ್ಮ ರೈತರು ಆ ನೀತಿಯನ್ನು ಓದಿದವರಲ್ಲ, ಆದರೆ ಕಚೇರಿಯವರನ್ನು ಕಂಡವರು. ಕಂದಾಯವು ಭೂಮಿಯ ಮೇಲಲ್ಲದೆ ಹಗೇವಿನ ಮೇಲಿಲ್ಲವೆಂದು ನಾನು ಊರೂರಿನಲ್ಲಿಯೂ ಹೇಳಿದೆ. ಅವರು ಕೈಕಟ್ಟಿ ಕೇಳಿಕೊಂಡರು. ಅದಕ್ಕೆ ವಿರುದ್ಧವಾದದ್ದನ್ನೇ ನಂಬಿದರು. ನನ್ನ ಕೋಟು ಕಂಡೊಡನೆ ಇಡೀ ಫಿರ್ಕಾದ, ಎಂದರೆ ಆ ಸುತ್ತಿನ ಗ್ರಾಮಗಳ, ಹಗೇವುಗಳೆಲ್ಲ ಬರಿದಾಗಿಬಿಡುತ್ತಿದ್ದವು. ಅದೇ ಹಗೇವುಗಳು ಬೀಗರ ಮುಂದೆ ಮಾತ್ರ ಉಕ್ಕುತ್ತಿದ್ದವು. ಹೆಣ್ಣು ಕೊಡುವವರು ಆ ಕಡೆ ಮೊದಲು ನೋಡುವುದು ಹುಡುಗನನ್ನಲ್ಲ, ನೆಲವನ್ನು. ಕೇಳುವುದು ಮರ್ಯಾದೆಯಲ್ಲ. ಆದ್ದರಿಂದ ಹೆಣ್ಣಿನ ತಂದೆ ಅಂಗಳದಲ್ಲಿ ಸುಮ್ಮನೆ ಅಡ್ಡಾಡುವವನಂತೆ ಅಡ್ಡಾಡಿ, ಚೇಳು ಹುಡುಕುವವನಂತೆ ಕೋಲಿನಿಂದ ಅಲ್ಲಲ್ಲಿ ಕುಟ್ಟುತ್ತಾನೆ. ಬರಿದಾದ ಹಗೇವು ಕೋಲಿಗೆ ಡೊಳ್ಳಿನಂತೆ ಮಾತನಾಡುತ್ತದೆ, ತುಂಬಿದ್ದು ಸುಮ್ಮನಿರುತ್ತದೆ. ಸಿರಿವಂತಿಕೆಯ ಲಕ್ಷಣವೇ ಮೌನವೆಂದು ಅಲ್ಲಿಯವರ ಭಾವನೆ. ನಮ್ಮ ಪಟ್ಟಣದಲ್ಲಿ ಇದಕ್ಕೆ ಸಾಕ್ಷ್ಯ ಕಡಿಮೆ.

ಒಂದೇ ಹಗೇವಿಗೆ ಹೀಗೆ ಎರಡು ಉತ್ತರಗಳಿದ್ದವು. ಕೇಳುವವರು ಬೇರೆ ಬೇರೆ ದಿನ ಬರುತ್ತಿದ್ದುದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಸಿರಿಗೇರಿಯಲ್ಲಿ ಮಾತ್ರ ನಾನೂ ಬೀಗರೂ ಒಂದೇ ದಿನ ಹೋದೆವು.

ಅಲ್ಲಿ ದೊಡ್ಡಬಸಪ್ಪನವರೆಂಬ ರೈತರ ಮನೆಯ ಕಟ್ಟೆಯ ಮೇಲೆ ನನ್ನನ್ನು ಕೂಡಿಸಿದ್ದರು. ಮಡಿಯವನೆಂದು ಹಾಲನ್ನೂ ಬಾಳೆಹಣ್ಣನ್ನೂ ಕೊಟ್ಟು, ಅಡಿಗೆಗೆ ಹನುಮಪ್ಪನ ಗುಡಿಯಲ್ಲಿ ಒಲೆ ಹೂಡಿಸಿದ್ದರು. ದೊಡ್ಡಬಸಪ್ಪನವರಿಗೆ ಒಬ್ಬನೇ ಮಗ, ಶರಣಪ್ಪ. ಮನೆಯಾಕೆ ನೀಲಮ್ಮನವರಿಗೆ ಕಣ್ಣು ಮಂಜಾಗುತ್ತ ಬಂದು, ರೊಟ್ಟಿ ಬೆಂದದ್ದನ್ನು ವಾಸನೆಯಿಂದ ತಿಳಿಯಬೇಕಾಗಿತ್ತು. ಸೊಸೆ ಬರಬೇಕೆಂಬ ಆಸೆ ಆ ಮನೆಯಲ್ಲಿ ಎಲ್ಲರಿಗಿಂತ ಆಕೆಗೇ ಹೆಚ್ಚು. ಅಷ್ಟರಲ್ಲಿ ಹಚ್ಚೊಳ್ಳಿಯಿಂದ ಗಾಡಿ ಬಂದಿತು. ಹೆಣ್ಣಿನ ತಂದೆ ಮಲ್ಲಪ್ಪ, ಅವನ ವಿಧವೆ ಅಕ್ಕ ಶಂಕ್ರಮ್ಮ. ಹುಡುಗಿಯನ್ನು ಸಾಕಿದವಳು ಶಂಕ್ರಮ್ಮನೇ.

ಎಲ್ಲವೂ ಕ್ರಮವಾಗಿಯೇ ನಡೆಯಿತು. ಶಂಕ್ರಮ್ಮ ಒಳಗೆ ಹೋಗಿ ನೀರಿನ ಗಡಿಗೆಗಳನ್ನೂ ಬೀಸುವ ಕಲ್ಲನ್ನೂ ನೋಡುತ್ತಿದ್ದಳು. ಮಲ್ಲಪ್ಪ ಅಂಗಳದಲ್ಲಿ ಚೇಳು ಹುಡುಕಿದನು. ಬೇವಿನ ಮರದ ಬಳಿ ಅವನ ಕೋಲು ಮೆತ್ತಗೆ ಸದ್ದು ಮಾಡಿತು. ಅವನ ಮುಖದ ಬಿಗುವೂ ಮೆತ್ತಗಾಯಿತು. ಬಂದು ಕಟ್ಟೆಯ ಮೇಲೆ ಕುಳಿತು ಎಲೆಯಡಿಕೆಗೆ ಕೈಚಾಚಿದನು. ನನ್ನ ಪರಿಚಯ ಹೇಳಿದರು. ನಾನು ಸುಮ್ಮನಿದ್ದರೆ ಬಿಗುಮಾನವೆಂದುಕೊಂಡಾರೆಂದು, ಹೊಸ ಬೆಳೆಯವರೆಗೆ ಮನೆಗೆ ಜೋಳ ಸಾಲುತ್ತದೆಯೇ ಎಂದು ಕೇಳಿದೆ. ಎಲ್ಲ ಊರುಗಳಲ್ಲಿಯೂ ಕೇಳಿದ ಮಾತೇ ಅದು.

ದೊಡ್ಡಬಸಪ್ಪನವರ ಎರಡು ಕೈಗಳೂ ತಮ್ಮಷ್ಟಕ್ಕೆ ತಾವೇ ಜೋಡಿಸಿಕೊಂಡವು. “ಎಲ್ಲಿ ಜೋಳ ರಾಯರ? ಹಗೇವು ಬರಿದಾಗಿ ಎಷ್ಟು ವರ್ಷಾತೋ. ಈಗ ಅದರಾಗ ಹೆಗ್ಗಣ ಸಂಸಾರ ಮಾಡ್ಯಾವು.”

ಆಡಿದ ಮೇಲೆ ಪಕ್ಕದಲ್ಲಿ ಯಾರು ಕುಳಿತಿದ್ದಾರೆಂಬುದು ಅವರಿಗೆ ನೆನಪಾಗಿರಬೇಕು. ಆದರೆ ಮಲ್ಲಪ್ಪ ನೊಂದುಕೊಳ್ಳಲಿಲ್ಲ, ಅವನೂ ರೈತನೇ. ನನ್ನ ಕಡೆ ತಿರುಗಿ ಅಷ್ಟೇ ದೈನ್ಯದಿಂದ, “ನಮ್ಮೂರಾಗೂ ಹಂಗ ರಾಯರ. ನಮ್ಮ ಹೆಗ್ಗಣಕ್ಕ ಅದೂ ಸಾಲದ ಊರು ಬಿಟ್ಟಾವು” ಎಂದನು. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡದೆ ನಗು ತಡೆದುಕೊಂಡರು. ಗಂಡಸರ ಮಟ್ಟಿಗೆ ಸಂಬಂಧವು ಆ ಕ್ಷಣದಲ್ಲಿಯೇ ಗಟ್ಟಿಯಾಯಿತೆಂದು ನನ್ನ ಅಭಿಪ್ರಾಯ. ಒಂದೇ ಸುಳ್ಳನ್ನು ಕೂಡಿ ಹೇಳಿದವರಿಗಿಂತ ಒಳ್ಳೆಯ ಬೀಗರು ಸಿಗುವುದು ಕಷ್ಟ.

ಶಂಕ್ರಮ್ಮ ಬಾಗಿಲ ಮರೆಯಲ್ಲಿ ನಿಂತು ಕೇಳಿದ್ದಳು. ಆಕೆ ಹೊರಗೆ ಬಂದು ಹೊಸ್ತಿಲ ಬಳಿ ನಿಂತಳು.

“ಸರ್ಕಾರದವರ ಮುಂದ ಬರಿದು ಅಂತೀ. ನಮ್ಮ ಮುಂದ ತುಂಬೇತಿ ಅಂತೀ. ಎರಡರಾಗ ಯಾವ ಬಾಯಿಗೆ ನಮ್ಮ ಹುಡುಗೀನ ಕೊಡಬೇಕು, ಬಸಪ್ಪಣ್ಣ?”

ಮಲ್ಲಪ್ಪ ಅಕ್ಕನನ್ನು ಸುಮ್ಮನಿರಿಸಲು ನೋಡಿದನು. ಸರ್ಕಾರದವರ ಮುಂದೆ ಯಾರು ತಾನೇ ಇದೆ ಎನ್ನುತ್ತಾರೆಂದು ಪಿಸುಗುಟ್ಟಿದನು. ಆಕೆ ಅದಕ್ಕೆ ಕಿವಿಗೊಡಲಿಲ್ಲ.

“ನಾ ಹೋದ ಮನ್ಯಾಗೂ ನಮ್ಮ ಮಾವ ತುಂಬೇತಿ ಅಂತಿದ್ದ. ಬರ ಬಂದಾಗ ಕಲ್ಲು ಸರಿಸಿ ನೋಡಿದ್ರ ಬರೀ ಹೊಟ್ಟು. ಎರಡು ಕೂಸು ಮಣ್ಣು ಮಾಡೀನಿ ನಾನು. ಕಣ್ಣಿಲೆ ನೋಡದ ಈ ಅಂಗಳ ಬಿಟ್ಟು ಏಳಾಂಗಿಲ್ಲ.”

ದೊಡ್ಡಬಸಪ್ಪನವರ ಸಂಕಟವನ್ನು ವಾಚಕರು ಊಹಿಸಬಹುದು. ಇದ್ದದ್ದು ಒಂದೇ ಹಗೇವು. ಬರದ ನಂತರ ಬಂದ ಮೊದಲ ಒಳ್ಳೆಯ ಬೆಳೆಯನ್ನು ಅದರಲ್ಲಿ ತುಂಬಿ ಮುಚ್ಚಿದ್ದರು. ತೆಗೆದರೆ ಪೂರ್ತಿ ತೆಗೆಯಬೇಕು. ಅಂತಹ ಬೆಳೆ ಮತ್ತೆ ಯಾವಾಗಲೋ. ಇದಲ್ಲದೆ, ಈಗತಾನೇ ಬರಿದೆಂದು ಹೇಳಿದ್ದನ್ನು ನನ್ನ ಕಣ್ಣೆದುರಿಗೇ ತೆಗೆಯಬೇಕು. ರಾಯರು ಸಿರುಗುಪ್ಪಕ್ಕೆ ಹೋಗಲಿ, ಆಮೇಲೆ ತೆಗೆಯುತ್ತೇನೆಂದು ಅವರು ಬೇಡಿಕೊಂಡರು. ಕದ್ದು ತೋರಿಸುವುದು ತನಗೆ ಬೇಡ, ರಾಯರಿದ್ದಾಗಲೇ ತೆಗೆ ಎಂದು ಶಂಕ್ರಮ್ಮ ಹೇಳಿದಳು. ನಾನು ಎದ್ದು ಗುಡಿಗೆ ಹೋಗಲು ಛತ್ರಿ ತೆಗೆದುಕೊಂಡೆ. ಆಕೆ ನನ್ನನ್ನೂ ಕೂಡಿಸಿದಳು. ಕಚೇರಿಯಲ್ಲಿ ಯಾರೂ ನನ್ನನ್ನು ಅಷ್ಟು ಖಂಡಿತವಾಗಿ ಇರಬೇಕೆಂದು ಕೇಳಿದ್ದಿಲ್ಲ.

ಕೊನೆಗೆ ನೀಲಮ್ಮನವರು ಒಳಗಿನಿಂದಲೇ ಗಂಡನಿಗೆ ಹೇಳಿದರು: “ಕಲ್ಲು ತೆಗೀರಿ. ಜೋಳ ಮತ್ತ ಬೆಳೀತೈತಿ.”

ಮಣ್ಣು ಕೆದರಿ, ಹಾರೆ ಹಾಕಿ ಕಲ್ಲನ್ನು ಸರಿಸಿದರು. ಒಳಗಿನಿಂದ ಬಿಸಿಯಾದ ಉಸಿರೊಂದು ಮೇಲಕ್ಕೆದ್ದಿತು. ಕೂಡಲೇ ಇಳಿಯುವಂತಿಲ್ಲ, ಒಳಗಿನ ಕೆಟ್ಟ ಗಾಳಿಗೆ ಜೀವ ಬಿಟ್ಟವರಿದ್ದಾರೆ. ಎಲ್ಲರೂ ಬೇವಿನ ನೆರಳಿನಲ್ಲಿ, ಒಂದು ತೂತಿನ ಸುತ್ತ, ದೇವರ ದರ್ಶನಕ್ಕೆ ಬಾಗಿಲು ತೆರೆಯುವುದನ್ನು ಕಾಯುವವರಂತೆ ಕುಳಿತೆವು. ಊರಿನ ಅರ್ಧ ಜನ ಬಂದು ಸೇರಿದರು. ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು ನೋಡಿದರು; ದೀಪ ನಂದಲಿಲ್ಲ. ಆಗ ಶರಣಪ್ಪ ಯಾರೂ ಹೇಳದೆ ಧೋತರ ಕಟ್ಟಿ ಇಳಿದನು. ಅವನು ಇಳಿಯುವಾಗ ಶಂಕ್ರಮ್ಮ ಎದ್ದು ನಿಂತಳು. ಹುಡುಗನನ್ನು ಆಕೆ ಅಲ್ಲಿಯವರೆಗೆ ಸರಿಯಾಗಿ ನೋಡಿಯೇ ಇರಲಿಲ್ಲ.

ಮೊದಲ ಬುಟ್ಟಿ ಮೇಲೆ ಬಂದಿತು. ಅಂಚಿನ ಕಾಳು ಕಪ್ಪಾಗಿತ್ತು, ಅದು ಎಲ್ಲ ಹಗೇವಿನಲ್ಲಿಯೂ ಹಾಗೆಯೇ. ಎರಡನೆಯ ಬುಟ್ಟಿಯ ಕಾಳು ಹಳೆಯ ಬಂಗಾರದ ಬಣ್ಣಕ್ಕಿತ್ತು. ಶಂಕ್ರಮ್ಮ ಒಂದು ಹಿಡಿ ತೆಗೆದುಕೊಂಡು ಮೂಸಿದಳು. ಬೊಗಸೆಗೆ ಹಾಕಿಕೊಂಡು ಬಹಳ ಹೊತ್ತು ಹಾಗೆಯೇ ಕುಳಿತಳು. ಒಳಗಿನಿಂದ ಶರಣಪ್ಪನ ಮಾತು ಕೇಳಿಸಿತು, ನೆಲವೇ ಮಾತನಾಡಿದಂತಿತ್ತು.

“ಅತ್ತಿ, ಇನ್ನೂ ತೆಗೀಲೇನು?”

“ಸಾಕಪ್ಪ. ಮ್ಯಾಲ ಬಾ,” ಎಂದಳು ಶಂಕ್ರಮ್ಮ. ಕಣ್ಣೊರೆಸಿಕೊಂಡು ತಮ್ಮನಿಗೆ, ವೀಳ್ಯ ತೆಗೆ ಎಂದು ಸನ್ನೆ ಮಾಡಿದಳು.

ನಾನು ಈ ಬರಹವನ್ನು ಇಲ್ಲಿಗೆ ನಿಲ್ಲಿಸಬಹುದಾಗಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ದೊಡ್ಡಬಸಪ್ಪನವರು ತೆರೆದ ಹಗೇವಿನ ಅಂಚಿನಲ್ಲಿ, ಬೆನ್ನು ತಿರುಗಿಸಿ ನಿಂತಿದ್ದರು. ಆ ನೆಲದಡಿಯಲ್ಲಿ ಅವರು ಇಟ್ಟಿದ್ದುದು ಜೋಳವೊಂದನ್ನೇ ಅಲ್ಲವೆಂದು ತೋರುತ್ತದೆ. ಅವರು ಮಲ್ಲಪ್ಪನಿಗೆ ಮೆಲ್ಲಗೆ ಹೇಳಿದರು:

“ಹಗೇವು ನೋಡಿ ಕೊಡೋ ಹೆಣ್ಣು ಈ ಮನಿಗೆ ಬ್ಯಾಡ ಮಲ್ಲಪ್ಪ. ನಾಳಿ ನಾ ಏನಂದ್ರೂ ಆಕಿ ಕಲ್ಲು ಸರಿಸಿ ನೋಡ್ತಾಳ.”

ಮಲ್ಲಪ್ಪ ಕೈಮುಗಿದನು. ಶಂಕ್ರಮ್ಮ ಮೊದಲ ಬಾರಿ ದನಿ ತಗ್ಗಿಸಿ, ತಪ್ಪಾಗಿದ್ದರೆ ತನ್ನದು, ಹುಡುಗಿಯದಲ್ಲ ಎಂದಳು. ನೀಲಮ್ಮನವರು ಹೊಸ್ತಿಲಲ್ಲಿ ನಿಂತು, ಗಂಡನಿರುವನೆಂದು ತಾವು ತಿಳಿದ ಕಡೆಗೆ ನೋಡುತ್ತಿದ್ದರು. ಶರಣಪ್ಪ ಮೈಯೆಲ್ಲ ಧೂಳಾಗಿ, ಹಗ್ಗವನ್ನು ಸುತ್ತಿದನು, ಬಿಚ್ಚಿದನು, ಮತ್ತೆ ಸುತ್ತಿದನು. ದೊಡ್ಡಬಸಪ್ಪನವರು ತಿರುಗಿ ನೋಡಲಿಲ್ಲ. ನಾನು ಈ ವಿಷಯವನ್ನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಕೂಸುಗಳನ್ನು ಕಳೆದುಕೊಂಡವಳು ನೋಡದೆ ನಂಬಬೇಕಿತ್ತೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಕೂಡಿಟ್ಟದ್ದನ್ನೆಲ್ಲ ಒಂದು ಮಾತಿಗಾಗಿ ತೆರೆದವರು ನೋಯಬಾರದಿತ್ತೆಂದೂ ಹೇಳಲಾರೆ. ಕಚೇರಿಯ ವ್ಯಾಜ್ಯಗಳಲ್ಲಿ ಒಂದು ಪಕ್ಷವಾದರೂ ತಪ್ಪಾಗಿರುತ್ತದೆ, ಅದೇ ಒಂದು ಸಮಾಧಾನ.

ಹಗೇವು ತೆಗೆದಾಗ ಹತ್ತಿರವಿದ್ದವರು ಉಣ್ಣದೆ ಹೋಗಬಾರದೆಂದು ಅಲ್ಲಿ ಪದ್ಧತಿ. ನೀಲಮ್ಮನವರು ಆ ಜೋಳವನ್ನೇ ಬೀಸಿ ರೊಟ್ಟಿ ಬಡಿದರು. ಶಂಕ್ರಮ್ಮ ಯಾರೂ ಕರೆಯದೆ ಪಕ್ಕದಲ್ಲಿ ಕುಳಿತು, ಬೆಂದದ್ದು ಯಾವುದು ಬೇಯದ್ದು ಯಾವುದು ಎಂದು ಹೇಳುತ್ತ ತಿರುವಿ ಹಾಕಿದಳಂತೆ. ಎಲ್ಲರೂ ಉಂಡರಂತೆ. ಹೋಗುವಾಗ ಶಂಕ್ರಮ್ಮ ಒಂದು ರೊಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಗಾಡಿ ಹತ್ತಿದಳು. ಮನೆಯಲ್ಲಿದ್ದ ಹುಡುಗಿಗೆಂದೇ ಇರಬೇಕು.

ನಾನು ಸಿರುಗುಪ್ಪದ ದಾರಿ ಹಿಡಿದಾಗ ದೊಡ್ಡಬಸಪ್ಪನವರು ನನ್ನ ಗಾಡಿಯ ಪಕ್ಕದಲ್ಲಿಯೇ ಊರ ಹೊರಗಿನ ಕಪ್ಪು ಹೊಲದವರೆಗೆ ನಡೆದು ಬಂದರು. ಮಾತು ಬಾಯಿಗೆ ಬರಲು ಅಷ್ಟು ದಾರಿ ಬೇಕಾಯಿತು.

“ರಾಯರ, ನಮ್ಮ ಹಗೇವು ತುಂಬಿತ್ತು ಅಂತ ಬರಕೊಳ್ರಿ.”

ಬೆಳಗ್ಗೆ ಬರಿದು ಎಂದಿದ್ದಿರಲ್ಲ ಎಂದೆ.

“ಅದು ಬೆಳಗಿನ ಮಾತು. ಈಗ ನಾಕು ಊರು ಏನಂತಾವು ಹೇಳ್ರಿ? ಹಗೇವು ತೆಗಿಸಿದ್ರು, ಹೆಣ್ಣು ಕೊಡಲಿಲ್ಲ ಅಂತಾವು. ಬರಿದಿತ್ತು ಅಂತ ಅಲ್ಲೇನು ಅದರ ಅರ್ಥ? ನಿಮ್ಮ ಕಾಗದದಾಗಿದ್ರ ಯಾರೂ ಸುಳ್ಳು ಅನ್ನಾಂಗಿಲ್ಲ.”

ನಾನು ಬರೆದೆ. ಊರು, ಹೆಸರು, ಕಾಳಿನ ಬಣ್ಣ ಸಹಿತವಾಗಿ ಬರೆದೆ. ಆದರೆ ಸಿರುಗುಪ್ಪದಲ್ಲಿ ಬರೆದದ್ದು ಬಳ್ಳಾರಿಯಲ್ಲಿ ಚಿಕ್ಕದಾಗುತ್ತದೆ, ಬಳ್ಳಾರಿಯದು ಮದರಾಸಿನಲ್ಲಿ ಇನ್ನೂ ಚಿಕ್ಕದಾಗುತ್ತದೆ. ನನ್ನ ವರದಿಯೆಲ್ಲ ಇಳಿದು ಇಳಿದು, ಈ ಭಾಗದ ಕೆಲವು ರೈತರು ಧಾನ್ಯವನ್ನು ನೆಲದಲ್ಲಿ ಶೇಖರಿಸುವ ವಾಡಿಕೆಯುಳ್ಳವರು ಎಂಬ ಒಂದು ವಾಕ್ಯ ಉಳಿಯಿತು. ಅದು ನಿಜವೇ; ಅದರಲ್ಲಿ ದೊಡ್ಡಬಸಪ್ಪನವರು ಮಾತ್ರ ಇಲ್ಲ.

ಅವರು ಹೆದರಿದಂತೆಯೇ ಆಯಿತು. ಹಗರಿಯ ಒರತೆಗಳ ಸುತ್ತ ಆ ಮಾತು ಹಬ್ಬಿತು. ಕಣ್ಣಾರೆ ಕಂಡ ಸಿರಿಗೇರಿಯವರು ಹಗೇವು ಬರಿದಿರಲಿಲ್ಲವೆಂದು ಹೇಳಿದರೆ, ತಮ್ಮೂರಿನ ಮಾನಕ್ಕಾಗಿ ಹೇಳುತ್ತಾರೆಂದರು. ಸ್ವತಃ ಮಲ್ಲಪ್ಪ, ನಾನೇ ನೋಡಿದ್ದೇನೆ, ತುಂಬಿತ್ತು ಎಂದರೂ ಕೇಳಲಿಲ್ಲ. ಉಂಡ ಮನೆಯ ಮರ್ಯಾದೆ ಯಾರು ಕಳೆಯುತ್ತಾರೆಂದು ನಕ್ಕರು. ಹೋದ ವರ್ಷ ಬಳ್ಳಾರಿಯ ಸಂತೆಯಲ್ಲಿ ಮಲ್ಲಪ್ಪನೇ ಸಿಕ್ಕು ಇದನ್ನೆಲ್ಲ ಹೇಳಿದನು. ಹುಡುಗಿಯನ್ನು ಆದವಾನಿಯ ಕಡೆ ಕೊಟ್ಟಿದ್ದಾರೆ. ಮನೆ ಒಳ್ಳೆಯದೇ. ಆದರೂ ಮದುವೆಯ ಮಾತು ಬಂದಾಗೆಲ್ಲ ಶಂಕ್ರಮ್ಮ, ಸಿರಿಗೇರಿಯ ಹುಡುಗ ಎಷ್ಟು ನಿಧಾನವಾಗಿ, ಕಾಳು ತುಳಿಯದ ಹಾಗೆ ಇಳಿದನೆಂದು ಹೇಳುತ್ತಾಳಂತೆ. ಸಿರಿಗೇರಿಯ ಆ ಮನೆಗೆ ಅಂದಿನಿಂದ ನೆಲ ಕುಟ್ಟಲು ಯಾರೂ ಬಂದಿಲ್ಲ. ಶರಣಪ್ಪನಿಗೆ ಇನ್ನೂ ಮದುವೆಯಾಗಿಲ್ಲ.

ಈ ಬರಹವನ್ನು ಚಿಕ್ಕದು ಮಾಡುವ ಅಧಿಕಾರಿಗಳು ನನ್ನ ಮೇಲೆ ಯಾರೂ ಇಲ್ಲವಾದ್ದರಿಂದ, ಹೆಣ್ಣುಮಕ್ಕಳುಳ್ಳ ವಾಚಕರು ವಿಶೇಷವಾಗಿ ಗಮನಿಸಬೇಕೆಂದು ಪ್ರಾರ್ಥಿಸಿ ಕೆಳಗಿನಂತೆ ತಿಳಿಸುತ್ತೇನೆ. ಸಿರಿಗೇರಿಯ ದೊಡ್ಡಬಸಪ್ಪನವರ ಹಗೇವು ಕೊರಳಿನವರೆಗೆ ತುಂಬಿತ್ತು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹುಡುಗನು ಒಳ್ಳೆಯವನು. ಜೋಳದ ರುಚಿಯ ವಿಷಯದಲ್ಲಿ ಮಾತ್ರ ನಾನು ಪ್ರಮಾಣವಾಗಿ ಏನನ್ನೂ ಹೇಳಲಾರೆ; ಅಂದು ಎಲ್ಲರೂ ಉಣ್ಣುವಾಗ ನಾನು ಗುಡಿಯಲ್ಲಿ ಒಬ್ಬನೇ ಕುಳಿತು ಅನ್ನ ಬೇಯಿಸಿಕೊಳ್ಳುತ್ತಿದ್ದೆ. ಆ ರೊಟ್ಟಿಯ ಕಂಪು ಅಲ್ಲಿಯವರೆಗೂ ಬಂದಿತ್ತು.